ಥಿಂಕ್‌ಪ್ಯಾಡ್ ಟಿ440ಪಿ: ಹಳೇ ಆಫೀಸ್ ಲ್ಯಾಪ್‌ಟಾಪ್‌ಗೆ ನಾಲ್ಕು ಕೋರ್‌ನ ಪ್ರೊಸೆಸರ್ ಹಾಕುವುದು ಹೇಗೆ

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ಸುತ್ತು ಹೊಡೆದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಕಂಪನಿಗಳು ಬಳಸಿ ಬಿಟ್ಟ ಕಪ್ಪು ಲ್ಯಾಪ್‌ಟಾಪ್‌ಗಳನ್ನು ಅಂಗಡಿಯಲ್ಲಿ ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿಟ್ಟಿರುತ್ತಾರೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್. ನೋಡಲು ಒರಟು, ಆದರೆ ಬಿಚ್ಚಿ ಕೂಡಿಸುವವರಿಗೆ ಇವುಗಳಷ್ಟು ಖುಷಿ ಕೊಡುವ ಯಂತ್ರ ಇನ್ನೊಂದಿಲ್ಲ. ನನ್ನ ಟಿ440ಪಿ ಕೂಡ ಅಂಥದ್ದೇ ಒಂದು ರಾಶಿಯಿಂದ ಬಂದದ್ದು. ಒಳಗೆ ಇಂಟೆಲ್‌ನ ಐ5-4300ಎಂ ಪ್ರೊಸೆಸರ್ ಇತ್ತು, ಎರಡೇ ಕೋರ್, ಅಂದರೆ ಚಿಪ್‌ನೊಳಗೆ ದುಡಿಯುವ ಘಟಕ ಎರಡೇ. ಈಗ ಐ7-4712ಎಂಕ್ಯೂ ಇದೆ, ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ಎಂಟು ಕೆಲಸ ಸಾಗಿಸಬಹುದು). ಬದಲಾಯಿಸಲು ಹಿಡಿದದ್ದು ಮುಕ್ಕಾಲು ಗಂಟೆ. ಯಾವ ಚಿಪ್ ತರಬೇಕು ಎಂದು ತಲೆ ಕೆಡಿಸಿಕೊಂಡದ್ದು ಎರಡು ವಾರ.

ಆ ಎರಡು ವಾರ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಸ್ಕ್ರೂ ಬಿಚ್ಚೋದು ಯಾರಿಗೆ ಬೇಕಾದರೂ ಬರುತ್ತದೆ. ಎಡವುವುದು ಚಿಪ್ ಆರಿಸುವಾಗ, ಅದರಲ್ಲೂ ಗಿಗಾಹರ್ಟ್ಸ್, ಅಂದರೆ ಚಿಪ್‌ನ ವೇಗ ಮಾತ್ರ ನೋಡಿ ಆರಿಸುವಾಗ. ಲ್ಯಾಪ್‌ಟಾಪ್‌ನಲ್ಲಿ ನೋಡಬೇಕಾದ ಸಂಖ್ಯೆ ಗಿಗಾಹರ್ಟ್ಸ್ ಅಲ್ಲ, ವ್ಯಾಟ್, ಅಂದರೆ ಚಿಪ್ ಹೊರಹಾಕುವ ಶಾಖದ ಲೆಕ್ಕ.

ಮೊದಲು ಒಂದು ಪ್ರಶ್ನೆ: ನಿಮಗೆ ಇದು ಬೇಕಾ?

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಈ ಲೇಖನ ಇಲ್ಲೇ ನಿಲ್ಲಿಸಿ, ಹೋಗಿ ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತನ್ನಿ. 4 ಜಿಬಿ ರ‍್ಯಾಮ್ ಇದ್ದರೆ ಅದನ್ನೂ ಹೆಚ್ಚಿಸಿ. ಟಿ440ಪಿಯಲ್ಲಿ ಎರಡು ಸ್ಲಾಟ್ ಇವೆ, ಒಟ್ಟು 16 ಜಿಬಿವರೆಗೆ ಹಾಕಬಹುದು. ಡಿಡಿಆರ್3ಎಲ್ ಬೇಕು, 1.35 ವೋಲ್ಟ್‌ನದ್ದು. ಕೊನೆಯ ‘ಎಲ್’ ಇಲ್ಲದ 1.5 ವೋಲ್ಟ್‌ನ ಹಳೇ ರ‍್ಯಾಮ್ ಕಡ್ಡಿ ಕೊಟ್ಟು ಕಳಿಸುವವರಿದ್ದಾರೆ, ಸ್ಟಿಕರ್ ಓದಿಯೇ ತಗೊಳ್ಳಿ. ಇವೆರಡೂ ಆದಮೇಲೆ ಸಾಕಷ್ಟು ಜನರಿಗೆ ಪ್ರೊಸೆಸರ್ ಯೋಚನೆಯೇ ಬರುವುದಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಐ5-4300ಎಂ ಟರ್ಬೋದಲ್ಲಿ (ಅಗತ್ಯ ಬಿದ್ದಾಗ ಚಿಪ್ ತಾನೇ ಏರಿಸಿಕೊಳ್ಳುವ ವೇಗ) 3.3 ಗಿಗಾಹರ್ಟ್ಸ್ ಮುಟ್ಟುತ್ತದೆ. ಐ7-4712ಎಂಕ್ಯೂ ಕೂಡ 3.3. ಅಂದರೆ ಒಂದೇ ಕೋರ್ ಬಳಸುವ ಕೆಲಸಗಳಲ್ಲಿ, ಒಂದು ವರ್ಡ್ ಫೈಲ್ ತೆರೆಯೋದು, ಒಂದು ಪುಟ ಲೋಡ್ ಮಾಡೋದು, ಇಂಥದ್ದರಲ್ಲಿ ವ್ಯತ್ಯಾಸ ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ನಾಲ್ಕೂ ಕೋರ್ ಒಟ್ಟಿಗೆ ದುಡಿಯುವಾಗ: ಕೋಡ್ ಕಂಪೈಲ್ ಮಾಡುವಾಗ, ವಿಡಿಯೊ ರೆಂಡರ್ ಮಾಡುವಾಗ, ಒಂದೆರಡು ವರ್ಚುವಲ್ ಮಷಿನ್ ಓಡಿಸುವಾಗ, ಅಥವಾ ಮೀಟಿಂಗ್ ಒಂದು ಕಡೆ, ಮೂವತ್ತು ಟ್ಯಾಬ್ ಇನ್ನೊಂದು ಕಡೆ, ಹಿಂದೆ ಬ್ಯಾಕಪ್ ಬೇರೆ ನಡೆಯುತ್ತಿರುವಾಗ. ಇಂಥ ಕೆಲಸ ನಿಮಗಿದೆಯಾ? ಹಾಗಾದರೆ ಮುಂದೆ ಓದಿ.

ಇನ್ನೊಂದು ಮಾತು, ವಿಂಡೋಸ್ 11ಕ್ಕಾಗಿ ಈ ಕೆಲಸ ಮಾಡಬೇಡಿ. ಅಧಿಕೃತವಾಗಿ ಅದಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಇದು 4ನೇ ತಲೆಮಾರು. ಐ3 ಹಾಕಿ, ಐ7 ಹಾಕಿ, ಉತ್ತರ ಒಂದೇ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾನು ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ, ಆರಾಮಾಗಿ ನಡೆಯುತ್ತಿದೆ.

ನಿಮ್ಮ ಯಂತ್ರದಲ್ಲಿ ಚಿಪ್ ಬಿಚ್ಚಲು ಬರುತ್ತದಾ?

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬರುವುದಿಲ್ಲ. ಪ್ರೊಸೆಸರ್ ಅನ್ನು ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿಯೇ ಕಳಿಸುತ್ತಾರೆ. ಸಾಕೆಟ್‌ನಲ್ಲಿ, ಅಂದರೆ ಬೇಕೆಂದಾಗ ತೆಗೆದು ಹಾಕಬಹುದಾದ ಗೂಡಿನಲ್ಲಿ, ಕೂರುವ ಲ್ಯಾಪ್‌ಟಾಪ್ ಚಿಪ್‌ಗಳನ್ನು ಇಂಟೆಲ್ 4ನೇ ತಲೆಮಾರಿಗೇ ನಿಲ್ಲಿಸಿತು. 5ನೇ ತಲೆಮಾರಿನಿಂದ ಮುಂದೆ ಎಲ್ಲ ಬೆಸುಗೆಯೇ. ಹಾಗಾಗಿ ಟಿ450, ಟಿ460 ಇಟ್ಟುಕೊಂಡವರು ಈ ಆಸೆ ಬಿಡಬೇಕು.

ಗುರುತು ಹಿಡಿಯುವುದು ಚಿಪ್‌ನ ಹೆಸರಿನ ಬಾಲ ನೋಡಿ. 4ನೇ ತಲೆಮಾರಿನಲ್ಲಿ ‘ಎಂ’ ಮತ್ತು ‘ಎಂಕ್ಯೂ’ ಅಂತ ಕೊನೆಯಾದರೆ ಸಾಕೆಟ್. ‘ಯು’ ಅಥವಾ ‘ಎಚ್‌ಕ್ಯೂ’ ಅಂತ ಇದ್ದರೆ ಬೆಸುಗೆ. ಟಿ440, ಟಿ440ಎಸ್, ಎಕ್ಸ್240 ಎಲ್ಲ ‘ಯು’ ಗುಂಪು. ಅದೇ ಹೆಸರಿನ ಕೊನೆಗೆ ಒಂದು ‘ಪಿ’ ಸೇರಿದ ಟಿ440ಪಿ ಮಾತ್ರ ಬೇರೆ ಜಾತಿ. ಈ ಒಂದು ಅಕ್ಷರ ಗಮನಿಸದೆ ಟಿ440 ಕೊಂಡು ತಂದು ಪೇಚಾಡಿದವರನ್ನು ನಾನೇ ನೋಡಿದ್ದೇನೆ. ವಿಂಡೋಸ್ ಇದ್ದರೆ ಸಿಪಿಯು-ಝಡ್ ಎಂಬ ಪುಟ್ಟ ಉಚಿತ ತಂತ್ರಾಂಶ ಹಾಕಿ, ಅದರಲ್ಲಿ ಪ್ಯಾಕೇಜ್ ಎಂಬ ಸಾಲು ನೋಡಿ. ಅಲ್ಲಿ 947 ಮತ್ತು ಪಿಜಿಎ ಅಂತ ಕಂಡರೆ ಸರಿ, ಬಿಜಿಎ ಅಂತ ಕಂಡರೆ ಅಲ್ಲಿಗೆ ಕಥೆ ಮುಗಿಯಿತು.

ಟಿ440ಪಿ ಅಷ್ಟೇ ಅಲ್ಲ, ಟಿ540ಪಿ, ಎಲ್440, ಡೆಲ್ ಲ್ಯಾಟಿಟ್ಯೂಡ್ ಇ6440 ಇವೂ ಇದೇ 947 ಪಿನ್‌ನ ಸಾಕೆಟ್‌ನವು. ಬಿಚ್ಚುವ ದಾರಿ ಬೇರೆ ಬೇರೆ, ಚಿಪ್ ಆರಿಸುವ ಲೆಕ್ಕ ಒಂದೇ. ಅದಕ್ಕೂ ಹಳೆಯ ಟಿ420, ಟಿ430, ಇ6420, ಇ6430 ಇವುಗಳಲ್ಲಿ ಸಾಕೆಟ್ ಇದೆ, ಆದರೆ ಅದು ಬೇರೆಯದು, 988 ಪಿನ್‌ನದು. 4ನೇ ತಲೆಮಾರಿನ ಚಿಪ್ ಅದರಲ್ಲಿ ಕೂರುವುದೇ ಇಲ್ಲ. ಟಿ430ಯಲ್ಲಿ 2ನೇ ಮತ್ತು 3ನೇ ತಲೆಮಾರಿನವು ಎರಡೂ ನಡೆಯುತ್ತವೆ. ಟಿ420ಯಲ್ಲಿ ಕಂಪನಿಯ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಮೂಲ ತಂತ್ರಾಂಶ) ಇರುವ ತನಕ 2ನೆಯದು ಮಾತ್ರ. ಇನ್ನು 3ನೇ ತಲೆಮಾರಿನಲ್ಲಿ ಒಂದು ಮೋಸದ ಜಾಗ ಇದೆ: ಐ7-3612ಕ್ಯೂಎಂ ಮತ್ತು 3632ಕ್ಯೂಎಂ ಒಂದೇ ಹೆಸರಲ್ಲಿ ಸಾಕೆಟ್‌ಗೂ ಬಂದಿವೆ, ಬೆಸುಗೆಗೂ ಬಂದಿವೆ. ಹಿಂಬದಿಯ ಫೋಟೊ ನೋಡದೆ ದುಡ್ಡು ಕೊಡಬೇಡಿ. ಪಿನ್ ಇದ್ದರೆ ನಿಮ್ಮದು, ಸಣ್ಣ ಸಣ್ಣ ಗುಂಡು ಇದ್ದರೆ ಕೀಚೈನ್ ಮಾಡಿಕೊಳ್ಳಬೇಕಷ್ಟೆ.

ಯಾವ ಚಿಪ್? ಇಲ್ಲಿ ನಿಧಾನ ಮಾಡಿ

ಟಿ440ಪಿಗೆ ಸುಮಾರು ಹತ್ತು ಕ್ವಾಡ್ ಕೋರ್ (ನಾಲ್ಕು ಕೋರ್‌ನ) ಚಿಪ್‌ಗಳು ಕೂರುತ್ತವೆ. ಎಲ್ಲರ ಕಣ್ಣೂ ಮೊದಲು ಹೋಗುವುದು 4810ಎಂಕ್ಯೂ, 4900ಎಂಕ್ಯೂ ಕಡೆಗೆ. 3.8 ಗಿಗಾಹರ್ಟ್ಸ್ ಅಂತ ನೋಡಿದರೆ ಯಾರಿಗೆ ಬೇಡ ಹೇಳಿ. ಆದರೆ ಪಕ್ಕದಲ್ಲಿ ಬರೆದಿರುವ 47 ವ್ಯಾಟ್ ಎಂಬುದನ್ನೂ ಓದಬೇಕು ಅಲ್ವಾ?

ನಿಮ್ಮ ಹಳೆಯ ಐ5-4300ಎಂ 37 ವ್ಯಾಟ್‌ನದ್ದು. ಅದರ ಮೇಲೆ ಕೂತಿರುವ ತಾಮ್ರದ ಕೊಳವೆ, ಫ್ಯಾನು, ಎಲ್ಲ ಆ ಶಾಖ ನೋಡಿ ಅಭ್ಯಾಸವಾದವು. ಬೇರೆ ಗ್ರಾಫಿಕ್ಸ್ ಚಿಪ್ ಇಲ್ಲದ ಟಿ440ಪಿಯಲ್ಲಿ ಶಾಖ ಒಯ್ಯುವ ಕೊಳವೆ ಒಂದೇ. ಅದರ ಮೇಲೆ 47 ವ್ಯಾಟ್‌ನ ಚಿಪ್ ಕೂರಿಸಿದರೆ ಯಂತ್ರ ಓಡುತ್ತದೆ, ಲೆನೊವೊ ಕೂಡ ಇದೇ ಮಾಡೆಲ್ ಅನ್ನು 47 ವ್ಯಾಟ್‌ನ 4700ಎಂಕ್ಯೂ ಹಾಕಿ ಮಾರಿದೆ. ಆದರೆ ಪೂರ್ತಿ ಕೆಲಸ ಕೊಟ್ಟಾಗ ಬಿಸಿ ಏರುತ್ತದೆ, 100 ಡಿಗ್ರಿಯ ಗಡಿ ಹತ್ತಿರ ಬಂದ ಕೂಡಲೇ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. 3.8 ಅಂತ ದುಡ್ಡು ಕೊಟ್ಟು ತಂದದ್ದು ಮೇ ತಿಂಗಳ ರಾಯಚೂರಿನಲ್ಲಿ ಏದುಸಿರು ಬಿಡುತ್ತಾ ಓಡುತ್ತದೆ. ಫ್ಯಾನ್ ಸದ್ದು ಬೇರೆ.

37 ವ್ಯಾಟ್‌ನಲ್ಲೇ ನಾಲ್ಕು ಕೋರ್ ಕೊಡುವ ಚಿಪ್‌ಗಳು ಎರಡಿವೆ. ಒಂದು 4702ಎಂಕ್ಯೂ, 2013ರದ್ದು, 2.2 ಗಿಗಾಹರ್ಟ್ಸ್, ಟರ್ಬೋದಲ್ಲಿ 3.2. ಇನ್ನೊಂದು 4712ಎಂಕ್ಯೂ, 2014ರದ್ದು, 2.3 ಮತ್ತು 3.3. ಎರಡಕ್ಕೂ 6 ಎಂಬಿ ಕ್ಯಾಶ್ (ಚಿಪ್‌ನೊಳಗಿನ ಪುಟ್ಟ ವೇಗದ ಮೆಮೊರಿ), ಹಳೆಯ ಐ5ಗೆ ಇರುವುದರ ಎರಡು ಪಟ್ಟು. ಹಳೇ ಚಿಪ್‌ನಷ್ಟೇ ಶಾಖ, ಹಳೇ ಫ್ಯಾನ್, ಎರಡರಷ್ಟು ಕೋರ್. ನನ್ನ ಆಯ್ಕೆ ಇದೇ, ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ.

ನಿಮಗೆ 47 ವ್ಯಾಟ್‌ನದ್ದೇ ಬೇಕು ಅಂತ ಹಟ ಇದ್ದರೆ 4700ಎಂಕ್ಯೂ ಅಥವಾ 4710ಎಂಕ್ಯೂ ತಗೊಂಡು, ಜೊತೆಗೆ ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಟಿ440ಪಿಯ ಎರಡು ಕೊಳವೆಯ ಹೀಟ್‌ಸಿಂಕ್ (ಚಿಪ್‌ನ ಶಾಖ ಒಯ್ಯುವ ತಾಮ್ರದ ಭಾಗ) ಕೂಡ ಹುಡುಕಿ ತನ್ನಿ. ಗ್ರಾಫಿಕ್ಸ್ ಇಲ್ಲದ ಬೋರ್ಡ್ ಮೇಲೂ ಅದು ಕೂರುತ್ತದೆ. ಒಂದನ್ನು ಮಾತ್ರ ತಂದು ಇನ್ನೊಂದನ್ನು ಬಿಡಬೇಡಿ.

ಚಾರ್ಜರ್ ಕಡೆಗೂ ಒಮ್ಮೆ ನೋಡಿ. ಅದರ ಇಟ್ಟಿಗೆಯಂಥ ಡಬ್ಬಿಯ ಮೇಲೆ 65 ವ್ಯಾಟ್ ಅಂತ ಇದ್ದರೆ ಕ್ವಾಡ್ ಕೋರ್‌ಗೆ 90 ವ್ಯಾಟ್‌ನದ್ದು ತರುವುದು ಒಳ್ಳೆಯದು. ಬೇಕಾದದ್ದು ಚಪ್ಪಟೆ ಆಯತಾಕಾರದ ಹಳದಿ ಮೂತಿಯದ್ದು. ದುಂಡು ಮೂತಿಯದ್ದು ಟಿ430 ಕಾಲದ್ದು.

ಕೊಳ್ಳುವಾಗ

ಇವು ಹೊಸದಾಗಿ ಸಿಗುವ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಎಲ್ಲ ಬಳಸಿದ್ದೇ. ಬಳಸಿದ ಪ್ರೊಸೆಸರ್ ಕೊಳ್ಳಲು ಹೆದರಬೇಕಾಗಿಲ್ಲ, ಸವೆಯುವ ಭಾಗ ಅದರಲ್ಲಿಲ್ಲ. ಹಾಳಾಗುವುದು ಕೈಯಿಂದ. ಹಾಗಾಗಿ ಎರಡು ಫೋಟೊ ಕೇಳಿ: ಮೇಲಿನದ್ದು, ಕೆಳಗಿನದ್ದು. ಮೇಲಿನ ಫೋಟೊದಲ್ಲಿ ಮಧ್ಯದ ಹೊಳೆಯುವ ಆಯತದ ಮೂಲೆ ಒಡೆದಿರಬಾರದು. ಅಲ್ಲೇ ‘ಎಸ್‌ಆರ್’ ಎಂದು ಶುರುವಾಗುವ ಚಿಕ್ಕ ಸಂಕೇತ ಇರುತ್ತದೆ, ಅದು ಮಾರಾಟಕ್ಕೆ ಬಂದ ಚಿಪ್ ಎಂಬುದರ ಗುರುತು. ಇಂಟೆಲ್ ಕಾನ್ಫಿಡೆನ್ಶಿಯಲ್ ಎಂದು ಬರೆದಿದ್ದರೆ ಅದು ಪರೀಕ್ಷೆಗೆಂದು ಮಾಡಿದ ಮಾದರಿ, ಎಷ್ಟೇ ಅಗ್ಗವಾದರೂ ಬೇಡ. ಕೆಳಗಿನ ಫೋಟೊದಲ್ಲಿ ಪಿನ್‌ಗಳು ಸಾಲಾಗಿ, ನೇರವಾಗಿ ಕಾಣಬೇಕು.

ನಾನು ಈ ಎರಡನೇ ಫೋಟೊ ಕೇಳಲಿಲ್ಲ. ಬಂದ ಚಿಪ್ ಅನ್ನು ಒಂದು ಟಿಶ್ಯೂನಲ್ಲಿ ಸುತ್ತಿ, ಸೆಲ್ಲೋಟೇಪ್ ಹಚ್ಚಿ, ಪುಟ್ಟ ಕವರ್‌ನಲ್ಲಿ ಕಳಿಸಿದ್ದರು ಪುಣ್ಯಾತ್ಮರು. ಬಿಡಿಸಿ ಟ್ಯೂಬ್‌ಲೈಟ್ ಬೆಳಕಿಗೆ ಓರೆ ಹಿಡಿದಾಗ ಎಲ್ಲ ಪಿನ್‌ಗಳೂ ಒಂದೇ ಗೆರೆಯಲ್ಲಿ ಮಿಂಚಿದವು, ಮೂಲೆಯ ಎರಡು ಮಾತ್ರ ಮಂಕಾಗಿ ಪಕ್ಕಕ್ಕೆ ವಾಲಿದ್ದವು. ಕಡ್ಡಿ ತೆಗೆದ 0.5 ಮಿಲಿಮೀಟರ್‌ನ ಪೆನ್ ಪೆನ್ಸಿಲ್ ಇರುತ್ತದಲ್ಲ, ಅದರ ಖಾಲಿ ಮೂತಿಯನ್ನು ಪಿನ್ ಮೇಲೆ ಟೊಪ್ಪಿಯ ಹಾಗೆ ಇಳಿಸಿ, ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ಎತ್ತಿದೆ. ಮತ್ತೆ ಬೆಳಕಿಗೆ ಹಿಡಿದೆ. ಇನ್ನೊಂಚೂರು. ಹೀಗೆ ಐದಾರು ಸಲ. ಒಂದೇ ಸಲಕ್ಕೆ ನೆಟ್ಟಗೆ ಮಾಡಲು ಹೋದರೆ ಪಿನ್ ಕಟ್ ಆಗಿ ಕೈಗೆ ಬರುತ್ತದೆ. ಎರಡೂ ನೆಟ್ಟಗಾದವು, ಆದರೆ ಆ ಹತ್ತು ನಿಮಿಷ ಇನ್ನೊಮ್ಮೆ ಬೇಡ. ಫೋಟೊ ಕೇಳಿ.

ಬಿಚ್ಚುವ ಮೊದಲು

ಲ್ಯಾಪ್‌ಟಾಪ್ ಇನ್ನೂ ಆಫೀಸಿನದ್ದೇ ಆಗಿದ್ದರೆ ಮುಟ್ಟಬೇಡಿ. ನಿಮ್ಮದೇ ಆಗಿದ್ದರೂ ಆನ್ ಮಾಡಿ, ಎಫ್1 ಒತ್ತಿ, ಬಯೋಸ್ ಒಳಗೆ ಹೋಗಿ ನೋಡಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಮಾರಿದವರ ಹತ್ತಿರ ವಾಪಸ್ ಹೋಗಿ, ಅದನ್ನು ತೆಗೆಸಿಕೊಂಡೇ ಬನ್ನಿ. ಮೊದಲ ಮಾಲೀಕ ಕಂಪನಿ ಹಾಕಿ ಮರೆತ ಬೀಗ ಅದು. ಬೋರ್ಡ್ ಮೇಲಿನ ಪುಟ್ಟ ಸೆಲ್ ತೆಗೆದಿಟ್ಟರೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಥಿಂಕ್‌ಪ್ಯಾಡ್‌ನಲ್ಲಿ ಹೋಗುವುದಿಲ್ಲ.

ಹಳೇ ಚಿಪ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಇದು ಮುಖ್ಯ. ಟಿ440ಪಿ ಬಂದದ್ದು 2013ರಲ್ಲಿ, 4712ಎಂಕ್ಯೂ ಬಂದದ್ದು ಆಮೇಲೆ. ಮೊದಲ ದಿನಗಳ ಬಯೋಸ್‌ಗೆ ಅದರ ಪರಿಚಯ ಇಲ್ಲದಿರಬಹುದು. ಲೆನೊವೊ ತಾಣದಿಂದ ಕೊನೆಯ ಆವೃತ್ತಿ ಇಳಿಸಿಕೊಂಡು, ಬ್ಯಾಟರಿ ಚೆನ್ನಾಗಿ ಚಾರ್ಜ್ ಇಟ್ಟು, ಚಾರ್ಜರ್ ಕೂಡ ಚುಚ್ಚಿಟ್ಟು ಅಪ್‌ಡೇಟ್ ಮಾಡಿ. ಕರೆಂಟ್ ಹೋಗುವ ಹೊತ್ತಲ್ಲಿ ಬೇಡ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಹಾಕಿದ್ದರೆ ಅದನ್ನು ಮೊದಲು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಹೊಸ ಚಿಪ್ ಸರಿಯಾಗಿಯೇ ಕೂತರೂ ನಿಮ್ಮದೇ ಡಿಸ್ಕ್ ನಿಮ್ಮನ್ನು ಹೊರಗೆ ನಿಲ್ಲಿಸೀತು.

ವೈಫೈ ಕಾರ್ಡ್ ವಿಷಯದಲ್ಲಿ ಈ ಲ್ಯಾಪ್‌ಟಾಪ್‌ನ ಬಯೋಸ್ ತನಗೆ ಗೊತ್ತಿಲ್ಲದ್ದನ್ನು ಒಪ್ಪುವುದಿಲ್ಲ ಎಂಬ ದೂರು ನೀವು ಕೇಳಿರಬಹುದು. ಅದು ನಿಜ. ಪ್ರೊಸೆಸರ್‌ಗೆ ಅಂಥ ತಕರಾರು ಇಲ್ಲ.

ಸಾಮಾನು ಜಾಸ್ತಿ ಏನೂ ಬೇಡ. ಮೂತಿ ಸವೆಯದ ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಒಂದು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಒಳ್ಳೆಯ ಥರ್ಮಲ್ ಪೇಸ್ಟ್ (ಚಿಪ್‌ನಿಂದ ಹೀಟ್‌ಸಿಂಕ್‌ಗೆ ಶಾಖ ದಾಟಿಸುವ ಲೇಪ), ಐಸೊಪ್ರೊಪೈಲ್ ಆಲ್ಕೊಹಾಲ್, ಹಳೇ ಟೂತ್‌ಬ್ರಷ್, ಕನ್ನಡಕ ಒರೆಸುವ ಬಟ್ಟೆ. ವಿದೇಶದವರ ವಿಡಿಯೊಗಳಲ್ಲಿ ಕಾಫಿ ಫಿಲ್ಟರ್‌ನಿಂದ ಒರೆಸಿ ಅಂತಾರೆ. ಅವರದು ಕಾಗದದ್ದು. ನಮ್ಮ ಮನೆಯ ಫಿಲ್ಟರ್ ಹಿತ್ತಾಳೆಯದ್ದು, ಅದನ್ನು ಪ್ರೊಸೆಸರ್ ಹತ್ತಿರ ತರಬೇಡಿ. ಸ್ಕ್ರೂ ಇಡಲು ಇಡ್ಲಿ ತಟ್ಟೆ ಬಹಳ ಅನುಕೂಲ, ಒಂದೊಂದು ಗುಂಡಿಗೆ ಒಂದೊಂದು ಭಾಗದ ಸ್ಕ್ರೂ. ತೂತಿಲ್ಲದ ತಟ್ಟೆ ಆರಿಸಿ.

ಹಾಸಿಗೆ ಮೇಲೆ, ಕಾರ್ಪೆಟ್ ಮೇಲೆ ಕೂತು ಮಾಡಬೇಡಿ. ಮರದ ಮೇಜು ಸಾಕು. ಶುರು ಮಾಡುವ ಮುಂಚೆ, ನಡುವೆ ಎದ್ದು ಬಂದಾಗಲೂ, ಅಡುಗೆಮನೆಯ ಲೋಹದ ನಲ್ಲಿ ಒಮ್ಮೆ ಮುಟ್ಟಿ ಬನ್ನಿ, ಮೈಯಲ್ಲಿನ ಸ್ಟ್ಯಾಟಿಕ್ ಇಳಿಯುತ್ತದೆ. ಚಳಿಗಾಲದ ಒಣಹವೆಯಲ್ಲಿ ಉಣ್ಣೆ ಸ್ವೆಟರ್ ತೆಗೆದಿಟ್ಟು ಕೂರಿ.

ಕೆಲಸಕ್ಕೆ ಕೈ ಹಾಕೋಣ

1. ಲ್ಯಾಪ್‌ಟಾಪ್ ಅನ್ನು ಹತ್ತು ನಿಮಿಷ ಓಡಿಸಿ, ಏನಾದರೂ ವಿಡಿಯೊ ಹಾಕಿಡಿ. ಹಳೇ ಪೇಸ್ಟ್ ಬೆಚ್ಚಗಾಗಿ ಸಡಿಲವಾಗುತ್ತದೆ. ನಂತರ ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್ ಅಲ್ಲ, ಶಟ್‌ಡೌನ್.

2. ಚಾರ್ಜರ್ ತೆಗೆಯಿರಿ. ಯಂತ್ರವನ್ನು ಬೋರಲು ಹಾಕಿ, ಲಾಚ್ ಸರಿಸಿ ಬ್ಯಾಟರಿ ಹೊರಗೆ ಎಳೆಯಿರಿ. ಟಿ440ಪಿಯಲ್ಲಿ ಒಳಗೆ ಇನ್ನೊಂದು ಬ್ಯಾಟರಿ ಅಡಗಿಲ್ಲ, ಅದು ಟಿ440ಯ ಕಥೆ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಬರಿದು ಮಾಡಿ.

3. ತಳದ ದೊಡ್ಡ ಬಾಗಿಲಿಗೆ ಎರಡೇ ಸ್ಕ್ರೂ. ಪೂರ್ತಿ ಹೊರಗೆ ಬರುವುದಿಲ್ಲ, ಸಡಿಲಾಗಿ ಅಲ್ಲೇ ನಿಲ್ಲುತ್ತವೆ. ಆಮೇಲೆ ಬಾಗಿಲನ್ನು ಸ್ವಲ್ಪ ಜಾರಿಸಿ ಎತ್ತಿ. ಪ್ಲಾಸ್ಟಿಕ್ ಕೊಂಡಿಗಳು ಟಕ್ ಟಕ್ ಅನ್ನುತ್ತವೆ, ಮೊದಲ ಸಲ ಎದೆ ಝಲ್ ಅನ್ನುತ್ತದೆ, ಪರವಾಗಿಲ್ಲ. ರ‍್ಯಾಮ್, ಡಿಸ್ಕ್, ವೈಫೈ ಕಾರ್ಡ್, ಫ್ಯಾನ್ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಈಗ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

4. ಫ್ಯಾನ್‌ನ ವೈರ್ ಬೋರ್ಡ್‌ಗೆ ಸೇರುವ ಜಾಗದಲ್ಲಿ ಕನೆಕ್ಟರ್ ಹಿಡಿದು ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ.

5. ಹೀಟ್‌ಸಿಂಕ್ ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ, ಒಂದೊಂದನ್ನೂ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು ಹೀಗೆ ಸಡಿಲಿಸಿ. ಪಕ್ಕದಲ್ಲಿ ಸಂಖ್ಯೆ ಕೆತ್ತಿದ್ದರೆ ಅದೇ ಕ್ರಮ ಹಿಡಿಯಿರಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಒತ್ತಡವೆಲ್ಲ ಇನ್ನೊಂದು ಮೂಲೆಗೆ ಬೀಳುತ್ತದೆ. ಕೆಳಗಿರುವುದು ಡೆಸ್ಕ್‌ಟಾಪ್ ಚಿಪ್‌ನ ಹಾಗೆ ಲೋಹದ ಮುಚ್ಚಳ ಹೊತ್ತದ್ದಲ್ಲ, ಬರಿಯ ಸಿಲಿಕಾನ್. ಮೂಲೆ ಒಡೆಯಲು ಇಷ್ಟು ಸಾಕು.

6. ಹೀಟ್‌ಸಿಂಕ್ ಬರದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ದೋಸೆ ಕಾವಲಿಯಿಂದ ಬಿಡುವ ಹಾಗೆ ತಾನೇ ಬಿಡುತ್ತದೆ. ಚಿಪ್‌ನ ಸುತ್ತ ಬೂದು ಬಣ್ಣದ ಮೆತ್ತನೆಯ ಪ್ಯಾಡ್‌ಗಳಿದ್ದರೆ ಹರಿಯದಂತೆ ಹಾಗೇ ಬಿಡಿ, ಅವುಗಳ ಜಾಗಕ್ಕೆ ಪೇಸ್ಟ್ ಹಚ್ಚಿದರೆ ಆಗುವುದಿಲ್ಲ.

ಇಲ್ಲೊಂದು ನಿಲುಗಡೆ. ಹೀಟ್‌ಸಿಂಕ್ ಕೈಯಲ್ಲಿದ್ದಾಗಲೇ ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಇಣುಕಿ ನೋಡಿ. ನನ್ನದರಲ್ಲಿ ಧೂಳು ಸೇರಿ ಸೇರಿ ಕಂಬಳಿಯ ಹಾಗೆ ಒಂದು ದಪ್ಪ ಪದರ ಆಗಿತ್ತು, ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಗಾಳಿ ಹೋಗಲು ದಾರಿಯೇ ಇರಲಿಲ್ಲ. ಇಷ್ಟು ವರ್ಷ ಈ ಲ್ಯಾಪ್‌ಟಾಪ್ ನಿಧಾನ ನಿಧಾನ ಅಂತ ಬೈಸಿಕೊಂಡದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು. ಬ್ರಷ್‌ನಲ್ಲಿ ಸ್ವಚ್ಛ ಮಾಡಿ. ಬ್ಲೋವರ್ ಬಳಸುವುದಾದರೆ ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿಯಿರಿ.

7. ಸಾಕೆಟ್ ಪಕ್ಕದಲ್ಲಿ ಚಪ್ಪಟೆ ಸೀಳಿರುವ ಒಂದು ದುಂಡು ಸ್ಕ್ರೂ, ಅದರ ಹತ್ತಿರ ತೆರೆದ ಮತ್ತು ಮುಚ್ಚಿದ ಬೀಗದ ಚಿತ್ರ. ಇದೇ ಸಾಕೆಟ್‌ನ ಬೀಗ. ತೆರೆದ ಬೀಗದ ಕಡೆಗೆ ಅರ್ಧ ಸುತ್ತು ತಿರುಗಿಸಿ, ಅಷ್ಟೇ, ಬಿಚ್ಚಿಕೊಂಡು ಬರುವ ಸ್ಕ್ರೂ ಅಲ್ಲ ಇದು. ಈಗ ಹಳೇ ಚಿಪ್ ಅನ್ನು ಅಂಚು ಹಿಡಿದು ನೇರ ಮೇಲಕ್ಕೆ ಎತ್ತಿ. ಪಿನ್ ಕಡೆ ಬೆರಳು ತಾಗಿಸದೆ, ಹೊಸ ಚಿಪ್ ಬಂದ ಡಬ್ಬಿಯಲ್ಲಿ ಇಡಿ.

8. ಹೊಸ ಚಿಪ್‌ನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನ ಇದೆ. ಸಾಕೆಟ್‌ನಲ್ಲೂ ಅದಕ್ಕೆ ಸರಿಯಾದ ಮೂಲೆಯಲ್ಲಿ ಗುರುತು ಇದೆ. ಎರಡನ್ನೂ ಹೊಂದಿಸಿ ಚಿಪ್ ಅನ್ನು ಇಟ್ಟುಬಿಡಿ. ತನ್ನ ಭಾರಕ್ಕೆ ತಾನೇ ಇಳಿಯಬೇಕು. ಒತ್ತಬೇಕು ಅನ್ನಿಸಿದರೆ ಏನೋ ತಪ್ಪಾಗಿದೆ: ಒಂದೋ ದಿಕ್ಕು ತಪ್ಪು, ಇಲ್ಲ ಪಿನ್ ಬಗ್ಗಿದೆ, ಇಲ್ಲ ಬೀಗ ಪೂರ್ತಿ ತೆರೆದಿಲ್ಲ. ಸರಿಯಾಗಿ ಕೂತಾಗ ನಾಲ್ಕೂ ಕಡೆ ಸಾಕೆಟ್‌ಗೆ ಅಂಟಿಕೊಂಡ ಹಾಗೆ ಸಮತಟ್ಟಾಗಿ ಕಾಣುತ್ತದೆ. ಆಗ ಬೀಗ ಹಾಕಿ.

9. ಹೀಟ್‌ಸಿಂಕ್‌ನ ತಾಮ್ರದ ಮೇಲಿರುವ ಒಣಗಿದ ಪೇಸ್ಟ್ ಅನ್ನು ಆಲ್ಕೊಹಾಲ್ ಹಾಕಿ ಒರೆಸಿ, ಹೊಳೆಯುವ ತನಕ. ಹೊಸ ಚಿಪ್‌ನ ಮೇಲೂ ಯಾರದೋ ಹಳೇ ಪೇಸ್ಟ್ ಉಳಿದಿದ್ದರೆ ಹಾಗೇ ಮಾಡಿ. ಆಮೇಲೆ ಸಿಲಿಕಾನ್ ಮೇಲೆ ಎರಡು ಮೂರು ಸಾಸಿವೆ ಕಾಳಿನಷ್ಟು ಪೇಸ್ಟ್ ಇಟ್ಟು, ಹಳೇ ಸಿಮ್ ಕಾರ್ಡ್‌ನ ಚೌಕಟ್ಟಿನ ತುಂಡಿನಿಂದ ಇಡೀ ಆಯತ ಮುಚ್ಚುವಂತೆ ತೆಳ್ಳಗೆ ಸವರಿ. ಮಧ್ಯದಲ್ಲಿ ಒಂದು ಬಟಾಣಿ ಇಟ್ಟು ಬಿಡುವುದು ಲೋಹದ ಮುಚ್ಚಳ ಇರುವ ಡೆಸ್ಕ್‌ಟಾಪ್ ಚಿಪ್‌ಗೆ ಸರಿ. ಇಲ್ಲಿ ಒಂದು ಮೂಲೆ ಬರಿದಾಗಿ ಉಳಿದರೂ ಆ ಮೂಲೆಯ ಕೋರ್ ಬೇಯುತ್ತದೆ.

10. ಹೀಟ್‌ಸಿಂಕ್ ಅನ್ನು ನೇರವಾಗಿ ಇಳಿಸಿ, ಸ್ಕ್ರೂಗಳನ್ನು ಬಿಚ್ಚಿದ ಹಾಗೇ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ತಾನಾಗಿ ನಿಂತ ಮೇಲೆ ಇನ್ನೂ ಬಿಗಿಯಬೇಡಿ. ಫ್ಯಾನ್ ವೈರ್ ಚುಚ್ಚಿ. ಚುಚ್ಚಿದ್ದೀರಾ? ಇನ್ನೊಮ್ಮೆ ನೋಡಿ. ಮುಚ್ಚಳ ಹಾಕಿದ ಮೇಲೆ ನೆನಪಾಗುವ ವಸ್ತು ಅದೊಂದೇ.

ಮೊದಲ ಸಲ ಆನ್ ಮಾಡುವಾಗ

ತಳದ ಬಾಗಿಲಿನ ಸ್ಕ್ರೂ ಈಗಲೇ ಬಿಗಿಯಬೇಡಿ. ಬ್ಯಾಟರಿ ಹಾಕಿ, ಪವರ್ ಒತ್ತಿ, ಕಾಯಿರಿ. ಮೊದಲ ಸಲ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಗೇ ಇರಬಹುದು, ಒಮ್ಮೆ ಆರಿ ತಾನೇ ಮತ್ತೆ ಹೊತ್ತಿಕೊಳ್ಳಲೂಬಹುದು. ಎರಡು ಸೆಕೆಂಡಿಗೆ ಗಾಬರಿಯಾಗಿ ಬಟನ್ ಒತ್ತಬೇಡಿ, ಒಂದೆರಡು ನಿಮಿಷ ಕೊಡಿ. ಎಫ್1 ಒತ್ತಿ ಬಯೋಸ್‌ನ ಮೊದಲ ಪುಟದಲ್ಲಿ ಹೊಸ ಚಿಪ್‌ನ ಹೆಸರು ಕಂಡರೆ ಅರ್ಧ ಗೆದ್ದ ಹಾಗೆ.

ಏನೂ ಬರದಿದ್ದರೆ? ಬ್ಯಾಟರಿ ತೆಗೆದು, ರ‍್ಯಾಮ್ ಕಡ್ಡಿಗಳನ್ನು ಬಿಚ್ಚಿ ಮತ್ತೆ ಕೂರಿಸಿ, ಒಂದೇ ಕಡ್ಡಿ ಇಟ್ಟು ನೋಡಿ. ಆಗಲೂ ಇಲ್ಲವಾದರೆ ಚಿಪ್ ಎತ್ತಿ ಪಿನ್‌ಗಳನ್ನು ಬೆಳಕಿಗೆ ಹಿಡಿಯಿರಿ. ಕೊನೆಗೆ ಹಳೇ ಐ5 ವಾಪಸ್ ಹಾಕಿ. ಅದು ಓಡಿದರೆ ಬೋರ್ಡ್ ಚೆನ್ನಾಗಿದೆ, ಹೊಸ ಚಿಪ್‌ನಲ್ಲೇ ದೋಷ, ಕೊಟ್ಟವರಿಗೆ ಧೈರ್ಯವಾಗಿ ಫೋನ್ ಮಾಡಬಹುದು. ಹೀಟ್‌ಸಿಂಕ್ ಪ್ರತಿ ಸಲ ಎತ್ತಿದಾಗಲೂ ಪೇಸ್ಟ್ ಒರೆಸಿ ಹೊಸದಾಗಿ ಹಚ್ಚಬೇಕು, ಅದಕ್ಕೇ ಟ್ಯೂಬ್ ಪೂರ್ತಿ ಖಾಲಿ ಮಾಡಬೇಡಿ.

ಆನ್ ಆದಮೇಲೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು ಆಜ್ಞೆ. 4 ಕೋರ್, 8 ಥ್ರೆಡ್ ಕಾಣಬೇಕು. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡುವ ಅಗತ್ಯ ಇಲ್ಲ.

ಇನ್ನು ಬಿಸಿ. ಎಚ್‌ಡಬ್ಲ್ಯೂಇನ್ಫೋ ಅಥವಾ ಲಿನಕ್ಸ್‌ನ ಸೆನ್ಸರ್ಸ್ ತೆರೆದಿಟ್ಟು, ಸಿನೆಬೆಂಚ್ ಅಥವಾ ಸ್ಟ್ರೆಸ್-ಎನ್‌ಜಿ ಹಾಕಿ ಹದಿನೈದು ನಿಮಿಷ ಪೂರ್ತಿ ದುಡಿಸಿ. ನನ್ನದು ಸುಮ್ನೆ ಇರುವಾಗ 45ರ ಆಸುಪಾಸು, ಪೂರ್ತಿ ಹೊರೆಯಲ್ಲಿ 84ರ ಹತ್ತಿರ ನಿಂತಿತು. ನಿಮ್ಮದು ಒಂದೇ ನಿಮಿಷಕ್ಕೆ 97, 98ಕ್ಕೆ ಹಾರಿದರೆ ಪೇಸ್ಟ್ ಅಥವಾ ಸ್ಕ್ರೂ ಸರಿ ಕೂತಿಲ್ಲ. ನಾಲ್ಕು ಕೋರ್‌ಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಹದಿನೈದು ಡಿಗ್ರಿ ಮೇಲಿದ್ದರೂ ಅದೇ ಅರ್ಥ. ಬಿಚ್ಚಿ ಮತ್ತೆ ಮಾಡಿ, ಬೇಜಾರಾಗಬೇಡಿ, ನನಗೂ ಎರಡನೇ ಸಲಕ್ಕೇ ಸರಿ ಬಂದದ್ದು.

ಇನ್ನೂ ತಂಪು ಬೇಕು ಅನ್ನುವವರಿಗೆ ಅಂಡರ್‌ವೋಲ್ಟ್ ಇದೆ. ಅಂದರೆ ಚಿಪ್‌ಗೆ ಕೊಡುವ ವೋಲ್ಟೇಜ್ ಅನ್ನು ಸ್ವಲ್ಪವೇ ಇಳಿಸುವುದು. 4ನೇ ತಲೆಮಾರಿನಲ್ಲಿ ಇದಕ್ಕೆ ಅವಕಾಶ ಇದೆ. ವಿಂಡೋಸ್‌ನಲ್ಲಿ ಥ್ರಾಟಲ್‌ಸ್ಟಾಪ್, ಲಿನಕ್ಸ್‌ನಲ್ಲಿ ಇಂಟೆಲ್-ಅಂಡರ್‌ವೋಲ್ಟ್. ಕೋರ್ ಮತ್ತು ಕ್ಯಾಶ್ ಎರಡಕ್ಕೂ ಮೈನಸ್ 30 ಮಿಲಿವೋಲ್ಟ್‌ನಿಂದ ಶುರು ಮಾಡಿ, ಹತ್ತು ಹತ್ತರಂತೆ ಇಳಿಸುತ್ತಾ, ಪ್ರತಿ ಸಲ ಅರ್ಧ ಗಂಟೆ ದುಡಿಸಿ ನೋಡಿ. ಹ್ಯಾಂಗ್ ಆದರೆ ಇಪ್ಪತ್ತು ಹಿಂದೆ ಬನ್ನಿ. ನಾನು ಮೈನಸ್ 60ಕ್ಕೆ ನಿಲ್ಲಿಸಿದೆ, ಬೇಸಿಗೆಯಲ್ಲಿ ಫ್ಯಾನ್ ಸದ್ದು ಇಳಿದದ್ದು ಕಿವಿಗೇ ಗೊತ್ತಾಯಿತು. ಯಂತ್ರ ಆನ್ ಆಗುವಾಗಲೇ ಇದು ಜಾರಿಯಾಗುವಂತೆ ಇಡುವ ಮೊದಲು ಒಂದು ವಾರ ಕೈಯಾರೆ ಹಾಕಿ ನೋಡಿ.

ಬ್ಯಾಟರಿ ಬಗ್ಗೆ ಕೇಳುವವರಿದ್ದೀರಿ. ಬರೆಯುವುದು, ಓದುವುದು ಇಂಥ ಹಗುರ ಕೆಲಸದಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಂಪೈಲ್ ಹಾಕಿದರೆ ಬೇಗ ಇಳಿಯುತ್ತದೆ, ಆದರೆ ಕಂಪೈಲ್ ಕೂಡ ಬೇಗ ಮುಗಿಯುತ್ತದೆ. ಮೇಲೆ ಬಟನ್ ಇಲ್ಲದ ಆ ಕೆಟ್ಟ ಟಚ್‌ಪ್ಯಾಡ್ ಮಾತ್ರ ಹೊಸ ಪ್ರೊಸೆಸರ್ ಹಾಕಿದರೂ ಹಾಗೇ ಇರುತ್ತದೆ. ಅದಕ್ಕೆ ಟಿ450ಯ ಟಚ್‌ಪ್ಯಾಡ್ ಹಾಕುವ ದಾರಿ ಇದೆ, ಅದು ಇನ್ನೊಂದು ದಿನದ ಕೆಲಸ.

ಹೊರಬಂದ ಐ5-4300ಎಂ ಅನ್ನು ಎಸೆಯಬೇಡಿ. ಒಂದು ತಿಂಗಳು ಡಬ್ಬಿಯಲ್ಲೇ ಇರಲಿ, ಹೊಸದು ಕೈಕೊಟ್ಟರೆ ಬೇಕಾಗುತ್ತದೆ. ಆಮೇಲೆ ಸುತ್ತಮುತ್ತ ಯಾರ ಹತ್ತಿರವಾದರೂ ಐ3-4000ಎಂ ಇರುವ ಎಲ್440 ಇದೆಯಾ ವಿಚಾರಿಸಿ. ಅದರಲ್ಲಿ ಟರ್ಬೋ ಇಲ್ಲ, 2.4 ಗಿಗಾಹರ್ಟ್ಸ್‌ಗೇ ನಿಂತುಬಿಡುತ್ತದೆ, ನಿಮ್ಮ ಐ5 ಅದೇ ಸಾಕೆಟ್‌ಗೆ ಇಳಿದು 3.3ರ ತನಕ ಹೋಗುತ್ತದೆ. ನನ್ನ ಹಳೇ ಚಿಪ್ ಈಗ ಗೆಳೆಯನ ಮಗಳ ಎಲ್440ಯಲ್ಲಿದೆ. ಉಳಿದಿದ್ದ ಅರ್ಧ ಟ್ಯೂಬ್ ಪೇಸ್ಟ್ ಕೂಡ ಅಲ್ಲೇ ಖರ್ಚಾಯಿತು.